ಸಾಲಿನ ಕೊನೆಯವಳು

ಲೈಟು ಹಾಗೇ ಇರ್ಲಿ, ಆರಿಸ್ಬೇಡಿ. ಇದನ್ನ ಕತ್ತಲಲ್ಲಿ ಹೇಳೋ ಧೈರ್ಯ ನನಗಿನ್ನೂ ಬಂದಿಲ್ಲ. ನಗ್ತೀರೇನ್ರೇ... ನಗಿ ನಗಿ. ನಮ್ಮ ಚಿಕ್ಕಮ್ಮನ ಮಗಳು ಡೆನೀಟ್ರಾಗೆ ಆಗಿದ್ದು ಇದು. ನಾನೂ ಆಗ ಅದೇ ಕಾಲೇಜಲ್ಲಿದ್ದೆ.

ದಕ್ಷಿಣ ಕೆರೊಲಿನಾದಲ್ಲಿ ನಮ್ಮ ಕಪ್ಪು ಜನ ಕಟ್ಟಿಕೊಂಡ ಹಳೇ ಕಾಲೇಜು. ಅಲ್ಲಿ ಹುಡುಗೀರದೊಂದು ಸಂಘ, ಸೊರೊರಿಟಿ ಅಂತಾರೆ. ಒಂದು ಸಲ ಸೇರಿದ್ರೆ ಸಾಯೋವರೆಗೂ ಅಕ್ಕತಂಗಿಯರು. ಡೆನೀಟ್ರಾನ ಅಮ್ಮ ಅದರವಳು, ಅಕ್ಕಂದಿರೂ ಅದರವರೇ. ಇವಳೊಬ್ಬಳು ಸೇರದೆ ಉಳಿದ್ರೆ ಮನೇಲಿ ತಲೆ ಎತ್ತೋ ಹಾಗಿರ್ಲಿಲ್ಲ.

ಸೇರೋಕೆ ಮುಂಚೆ ಸಾಲಲ್ಲಿ ನಿಲ್ಬೇಕು. ಕುಳ್ಳಿ ಮುಂದೆ, ಉದ್ದದವಳು ಹಿಂದೆ. ಮುಂದಿನವಳ ಹೆಗಲ ಮೇಲೆ ಹಿಂದಿನವಳ ಕೈ, ಎಲ್ಲರದೂ ಒಂದೇ ಹೆಜ್ಜೆ. ತಿರುಗಿ ನೋಡೋ ಹಾಗಿಲ್ಲ, ಮಾತಾಡೋ ಹಾಗಿಲ್ಲ. ಕಾಲೇಜಿನವರು ಇದನ್ನೆಲ್ಲ ಮಾಡ್ಕೂಡದು ಅಂತ ಆಜ್ಞೆ ಹಾಕಿದ್ರು, ಅದಕ್ಕೇ ರಾತ್ರಿ ಹೊತ್ತು ಕದ್ದು ನಡೀತಿತ್ತು. ಆ ಸಂಘದ್ದು ಇನ್ನೊಂದು ಕಟ್ಟಳೆ ಇದೆ. ಯಾರನ್ನಾದ್ರೂ ಸಾಲಿಂದ ತೆಗೀಬೇಕಂದ್ರೆ ಅವಳ ಕಿವಿಗೆ ಬೀಳೋ ಹಾಗೆ "ಸೇರಿಸ್ಕೊಳ್ಳಲ್ಲ" ಅಂತ ಹೇಳ್ಬೇಕು. ಹೇಳೋವರೆಗೂ ಅವಳು ಸಾಲಲ್ಲಿದ್ದ ಹಾಗೇ ಲೆಕ್ಕ.

ಆ ವರ್ಷ ನಾಲ್ಕು ಜನ. ಡೆನೀಟ್ರಾ ಮೂರನೆಯವಳು. ಅವಳ ಹಿಂದೆ, ಕೊನೇಲಿ, ವರ್ನೆಲ್. ಆ ಊರಿನ ಹುಡುಗಿ, ಗಳದ ಹಾಗೆ ಉದ್ದ, ಉಬ್ಬಸ ಬೇರೆ. ಇವರನ್ನ ಪಳಗಿಸೋಳು ಕೊರ್ಲಿಸ್ ಅಂತ, ಸೀನಿಯರು. ಅವಳನ್ನ ದೊಡ್ಡಕ್ಕ ಅನ್ಬೇಕು. ಬಾಯಂದ್ರೆ ಬಾಯಿ ಅವಳದು! ವರ್ನೆಲ್‌ಗೆ "ಚರ್ಚಿನ ತೂತು ಆರ್ಗನ್ನು" ಅಂತ ಹೆಸರಿಟ್ಟಿದ್ಳು. ಎಲ್ಲರೂ ನಗೋರು. ಡೆನೀಟ್ರಾನೂ ನಗೋಳು.

ಒಂದು ರಾತ್ರಿ ಸ್ಮಶಾನದಿಂದ ಹಾಸ್ಟೆಲಿಗೆ ನಡ್ಕೊಂಡು ಬರೋ ಶಿಕ್ಷೆ. ದೊಡ್ಡ ಓಕ್ ಮರದ ಕೆಳಗಿನ ದಾರಿ. ಮೈ ಕೊರೆಯೋ ಚಳಿ. ಕೊರ್ಲಿಸ್ ಕಾರಲ್ಲಿ ಬೆಚ್ಚಗೆ ಮುಂದೆ ಹೋದ್ಳು. ವರ್ನೆಲ್‌ನ ಇನ್‌ಹೇಲರ್ ಇಸ್ಕೊಂಡು ಜೇಬಿಗೆ ಹಾಕ್ಕೊಂಡೇ ಹೋದ್ಳು, ಗೇಟ್ ಹತ್ರ ಕೊಡ್ತೀನಿ ಅಂತ.

ಜಲ್ಲಿ ಮೇಲೆ ಚರಕ್... ಚರಕ್... ಹಿಂದಿನಿಂದ ಸುಂಯ್... ಸುಂಯ್... ಅಂತ ಉಸಿರು. ಮರದ ಹತ್ರ ಬಂದಾಗ ಆ ಉಸಿರೂ ಅರ್ಧಕ್ಕೇ ನಿಂತು ನಿಂತು ಬರ್ತಿತ್ತು.

"ಡೆನೀ... ಒಂಚೂರು ನಿಲ್ಲೇ..."

"ಸುಮ್ನೆ ನಡಿಯೇ. ನಿಂತ್ರೆ ಸಾಲಲ್ಲಿ ನನ್ನ ಜಾಗಾನೂ ಹೋಗುತ್ತೆ."

ಹೆಗಲ ಮೇಲಿದ್ದ ಕೈ ಬಿಗಿಯಾಯ್ತು. ಆಮೇಲೆ ಬೆರಳು ಒಂದೊಂದಾಗಿ ಸಡಿಲ ಆದ್ವು. ಧೊಪ್ ಅಂತ ಸದ್ದು. ಡೆನೀಟ್ರಾ ತಿರುಗಲಿಲ್ಲ ಕಣ್ರೇ. ಬಿದ್ಳು ಅಂತ ಗೊತ್ತಿದ್ದೂ ತಿರುಗಲಿಲ್ಲ. ಇದನ್ನ ಅವಳೇ ನನ್ನ ಹತ್ರ ಹೇಳಿದ್ದು.

ಬೆಳಿಗ್ಗೆ ಮರದ ಬುಡದಲ್ಲಿ ವರ್ನೆಲ್‌ನ ಹೆಣ ಸಿಕ್ತು. ಕೊರ್ಲಿಸ್ ಮೂವರನ್ನೂ ಕೂರಿಸ್ಕೊಂಡು ಪಾಠ ಹೇಳ್ಕೊಟ್ಳು: ಅವಳು ಹೋದ ವಾರವೇ ತಾನಾಗಿ ಬಿಟ್ಟುಬಿಟ್ಟಿದ್ಳು, ಅಲ್ಲಿಗೆ ಯಾಕೆ ಹೋದ್ಳೋ ನಮಗೆ ಗೊತ್ತಿಲ್ಲ. ಪೊಲೀಸರಿಗೂ ಅದೇ ಹೇಳಿದ್ರು, ವರ್ನೆಲ್ ತಾಯಿ ಮಿಸ್ ಒಡೆಸ್ಸಾಗೂ ಅದೇ ಹೇಳಿದ್ರು. ಮಣ್ಣು ಮಾಡಿದ ದಿನ ಚರ್ಚಿನ ಊಟದಲ್ಲಿ ಆಯಮ್ಮ ಕರಿದ ಕೋಳಿ ಬಡಿಸ್ತಿದ್ರೆ, ಡೆನೀಟ್ರಾ ತಿಂತಾ ತಿಂತಾನೇ ಆ ಸುಳ್ಳು ಹೇಳಿದ್ಳು. ಎಷ್ಟು ಆಸೆ ಇಟ್ಕೊಂಡಿತ್ತು ಕೂಸು, ಯಾಕೆ ಬಿಟ್ಳೋ, ಅಂದ್ಕೊಂಡು ಆಯಮ್ಮ ಇವಳ ತಟ್ಟೆಗೆ ಇನ್ನೊಂದು ತುಂಡು ಹಾಕಿದ್ಳಂತೆ.

ಸುಳ್ಳು ಹೊಸೆಯೋ ಗಡಿಬಿಡೀಲಿ ಒಂದು ಮರೆತ್ರು. ವರ್ನೆಲ್‌ನ ಸಾಲಿಂದ ಯಾರೂ ತೆಗೆದಿರ್ಲಿಲ್ಲ. ಸತ್ತವಳಿಗೆ ಯಾರು ಹೋಗಿ ಹೇಳ್ತಾರೆ?

ವಸಂತದಲ್ಲಿ ಹೊಸಬರನ್ನ ಎಲ್ಲರ ಮುಂದೆ ತೋರಿಸೋ ದಿನ ಬಂತು. ಕಾಲೇಜಿನ ಸಭಾಂಗಣ ತುಂಬಿ ತುಳುಕ್ತಿತ್ತು. ಮಿಸ್ ಒಡೆಸ್ಸಾನೂ ಬಂದಿದ್ಳು, ಮಗಳು ನಿಲ್ಬೇಕಿದ್ದ ಜಾಗ ನೋಡ್ಕೊಂಡು ಹೋಗೋಣ ಅಂತ. ಹೊಸಬರಿಗೆಲ್ಲ ಒಂದೇ ಥರ ಬಟ್ಟೆ, ಮುಖವಾಡ, ಕೈಗವಸು. ಬಾಗಿಲು ತೆಗೀತು. ಠಪ್... ಠಪ್... ಠಪ್... ಬಂದ್ರು. ಚಪ್ಪಾಳೆ ಶುರುವಾಗಿದ್ದು ಹಾಗೇ ಸತ್ತುಹೋಯ್ತು.

ನಾಲ್ಕು ಜನ ಬಂದ್ರು... ಮೂರಲ್ಲ.

ಡೆನೀಟ್ರಾಗೆ ಬಾಗಿಲು ದಾಟಿದಾಗ್ಲೇ ಗೊತ್ತಾಗಿತ್ತಂತೆ. ಹೆಗಲ ಮೇಲೆ ಒದ್ದೆ ಭಾರ. ಕಿವಿ ಹತ್ರ ಸುಂಯ್... ಸುಂಯ್... ಪದ್ಧತಿ ಪ್ರಕಾರ ದೊಡ್ಡಕ್ಕ ಕೊನೆಯವಳನ್ನ ಕೇಳ್ಬೇಕು, ನಿನ್ನ ಹಿಂದೆ ಯಾರು ಅಂತ. ಕೊರ್ಲಿಸ್ ಮುಖ ಬೂದಿ ಆಗಿತ್ತು. ಆದ್ರೂ ಡೆನೀಟ್ರಾನ ಕೇಳಿದ್ಳು.

"ನನ್ನ ಹಿಂದೆ ಯಾರೂ ಇಲ್ಲ!" ಅಂತ ಡೆನೀಟ್ರಾ ಗಂಟಲು ಹರಿಯೋ ಹಾಗೆ ಕಿರುಚಿದ್ಳು.

ಮುಖವಾಡ ತೆಗೆದ್ರು. ಮೂರೇ ಮುಖ. ಜನ ಉಸಿರು ಬಿಟ್ಟು ಕೂಗೋಕೆ ಶುರು ಮಾಡಿದ್ರು. ಡೆನೀಟ್ರಾಗೆ ಸಂಘದ ಅಕ್ಷರ ಹೊಲಿದ ಜಾಕೆಟ್ ತೊಡಿಸಿದ್ರು, ಅಮ್ಮ ಓಡಿಬಂದು ಅಪ್ಪಿಕೊಂಡ್ಳು. ಕೈ ಮಾತ್ರ ಹೆಗಲ ಮೇಲೇ ಇತ್ತು.

ಆಗ ಮಿಸ್ ಒಡೆಸ್ಸಾ ಎದುರಿಗೆ ಬಂದು ನಿಂತ್ಳು.

"ಬಿಟ್ಟುಬಿಟ್ಳು ಅಂದಿದ್ಯಲ್ಲಮ್ಮ ನೀನು..." ಪಿಸುಮಾತಲ್ಲಿ ಅಂದ್ಳು. "ಒಂದು ಹೆಜ್ಜೆನೂ ತಪ್ಪಲಿಲ್ಲ ನನ್ನ ಮಗಳು. ಸೇರಿಸ್ಕೊಂಡ್ರಾ ಅವಳನ್ನ?"

ಹೌದು ಅಂದ್ರೆ ಸಾಯೋವರೆಗೂ ಅಕ್ಕತಂಗಿ. ಆ ಕೈ ಸಾಯೋವರೆಗೂ ಅಲ್ಲೇ. ಡೆನೀಟ್ರಾ ಆ ತಾಯಿ ಮುಖ ನೋಡ್ಕೊಂಡೇ, ಹಿಂದಿದ್ದವಳಿಗೂ ಕೇಳೋ ಹಾಗೆ ಹೇಳಿದ್ಳು.

"ಇಲ್ಲ. ಅವಳನ್ನ ಸೇರಿಸ್ಕೊಳ್ಳಲ್ಲ."

ಬೆರಳು ಒಂದೊಂದಾಗಿ ಸಡಿಲ ಆದ್ವು. ಹೆಗಲು ಹಗುರ ಆಯ್ತು. ದೇವರಾಣೆ, ಅವಳಿಗೆ ಸಮಾಧಾನವೇ ಆಯ್ತಂತೆ.

ಮಿಸ್ ಒಡೆಸ್ಸಾ ಜಗಳ ಆಡ್ಲಿಲ್ಲ, ಅಳ್ಲಿಲ್ಲ. "ಬಾ, ಮನೆಗೆ ಹೋಗೋಣ," ಅಂದ್ಳು. ಅವಳ ಜೊತೆ ಯಾರೂ ಬಂದಿರ್ಲಿಲ್ಲ.

ನಂಬೋದು ಬಿಡೋದು ನಿಮಗೆ ಸೇರಿದ್ದು. ಬಾಗಿಲ ಪಕ್ಕ ನಿಂತಿದ್ದವಳು ನಾನು, ಯಾರೋ ಹೇಳಿದ್ದಲ್ಲ ಇದು. ಆಯಮ್ಮ ಬಾಗಿಲು ತಳ್ಳಿ ಆಚೆ ದಾಟಿದ್ಳು. ದಾಟಿದ ಮೇಲೂ ಬಾಗಿಲು ಬಿಡ್ಲಿಲ್ಲ. ತಿರುಗಿ, ತೋಳು ಚಾಚಿ, ಹಿಡ್ಕೊಂಡೇ ನಿಂತ್ಳು... ಸ್ವಲ್ಪ ಹೊತ್ತು. ಆಮೇಲೆ ಮೆಲ್ಲಗೆ ಬಿಟ್ಳು.