ಶಿವಕುಮಾರಿಯ ಉಪವಾಸ

ಅಂದು ಬೆಳಿಗ್ಗೆ ಕಾಂದಿವಲಿಯಲ್ಲಿ ಮೋಡ ಕವಿದು, ಗಾಳಿಯಿಲ್ಲದೆ ಸೆಕೆಯಾಗಿತ್ತು. ಬಸ್ಸಿನ ಸಾಲಿನಲ್ಲಿ ನನ್ನ ಮುಂದೆ ಒಬ್ಬ ಅಜ್ಜಿಯೂ ಆಕೆಯ ನೆರೆಮನೆಯ ಶಿವಕುಮಾರಿಯೂ ನಿಂತಿದ್ದರು.

“ನಿನ್ನ ಉಪವಾಸ ನೋಡಿ ನಾನೂ ಸುರು ಮಾಡೀನಿ, ಶಿವಕುಮಾರಿ. ಹೊಟ್ಟಿ ಚುರುಚುರು ಅಂತೈತಿ.”

“ನಿಮಗ ಶುಗರ್ ಐತಿ, ಆಯಿ. ಉಣ್ರಿ.”

“ನಿನ್ನಂಥಾ ಭಕ್ತಿ ನನಗೂ ಬರಲಿ ಅಂತನ ಮೊನ್ನಿ ನಿನ್ನ ಕಾಲಿಗೆ ಬಿದ್ದೆ.”

ಶಿವಕುಮಾರಿ ತಲೆ ತಗ್ಗಿಸಿದಳು.

“ಉಪವಾಸ ಸುಳ್ಳು, ಆಯಿ. ಮೈ ಇಳಿಸಾಕ ಹೊಟ್ಟಿ ಆಪರೇಷನ್ ಮಾಡಿಸ್ಕೊಂಡೀನಿ. ಒಂದು ತುತ್ತು ಹೆಚ್ಚಾದ್ರ ವಾಂತಿ ಆಗ್ತೈತಿ. ನಾಚಿಕಿಗೆ ದೇವರ ಹೆಸರು ಹೇಳಿದೆ.”

“ಕಾಲಿಗೆ ಬಿದ್ದಾಗರ ಹೇಳಬಾರದಿತ್ತೇನ?”

“ಬಾಯಿ ಬರಲಿಲ್ಲ.”

“ದೇವರು ಕ್ಷಮಿಸ್ಯಾನು. ಹಸದಿದ್ದು ನಾನು.”

ಬಸ್ಸು ಬಂತು. ಹತ್ತುವ ಮೊದಲು ಶಿವಕುಮಾರಿ ಬಗ್ಗಿ, ಅಜ್ಜಿ ಮಾಡಿದ್ದ ನಮಸ್ಕಾರವನ್ನು ಅಜ್ಜಿಯ ಪಾದಕ್ಕೇ ಹಿಂತಿರುಗಿಸಿದಳು.