ನಮ್ಮ ಚಿತ್ರೋತ್ಸವದ ನಿಯಮ

ಹಲ್ಲಿನ ಡಾಕ್ಟರ ಹೊರಕೋಣೆಯಲ್ಲಿ ದವಡೆ ಊದಿಸಿಕೊಂಡು ಕೂತಿದ್ದ ದರ್ಜಿಯಮ್ಮನಿಗೆ ಬಾಯಿ ಬಿಡಲಾಗುತ್ತಿರಲಿಲ್ಲ, ಕಿವಿಗೇನೂ ಧಾಡಿಯಿರಲಿಲ್ಲ. ಪಕ್ಕದ ಬೆಂಚಿನಲ್ಲಿದ್ದವರು ಊರಿನ ಚಿತ್ರೋತ್ಸವ ಹುಟ್ಟುಹಾಕಿದ ಮೇಷ್ಟ್ರು ಮತ್ತು ಫೋಟೋ ಅಂಗಡಿಯವನು.

“ಈ ವರ್ಷ ಉತ್ಸವ ಬೇಡ ಬಿಡಿ ಮೇಷ್ಟ್ರೇ.”

“ಮೊದಲ ವರ್ಷ ಜನ ಕಿಟಕಿಗೆ ಜೋತುಬಿದ್ದು ನೋಡಿದ್ರಲ್ಲಯ್ಯಾ!”

“ಆಗ ಊರಲ್ಲಿ ಬೇರೇನಿತ್ತು? ಆಮೇಲೆ ಸಿನಿಮಾ ಮಾಡಿದೋರಷ್ಟೇ ಬಂದ್ರು. ಈಗ ಅವರೂ ಇಲ್ಲ.”

“ನಿಯಮ ಮಾತ್ರ ಚೆನ್ನಾಗಿತ್ತು. ತನ್ನ ಸಿನಿಮಾ ಓಡುವಾಗ ಮಾಡಿದೋನು ಒಳಗಿರಬಾರದು. ನೋಡಿದೋರು ಮುಲಾಜಿಲ್ಲದೆ ಬೈಬೇಕು.”

“ಹೋದ ವರ್ಷ ನನ್ನ ಸಿನಿಮಾ ಓಡುವಾಗ ನಾನೂ ಬಾಗಿಲ ಹೊರಗೆ ನಿಂತಿದ್ನಲ್ಲ. ಒಳಗೆ ಪಿಟಿಪಿಟಿ ಇಲ್ಲ. ಉಸಿರು ಬಿಗಿಹಿಡಿದು ನೋಡ್ತಿದಾರೆ ಅಂತ ಉಬ್ಬಿಹೋಗಿದ್ದೆ. ಮುಗಿದ ಮೇಲೆ ನೀವೊಬ್ಬರೇ ಹೊರಗೆ ಬಂದ್ರಿ.”

“ನಡುವೆ ನಿಲ್ಲಿಸಿದ್ರೆ ನಿನಗೆ ಗೊತ್ತಾಗ್ತಿತ್ತು. ಅದಕ್ಕೇ ಖಾಲಿ ಕುರ್ಚಿಗಳಿಗೆ ಪೂರ್ತಿ ಓಡಿಸಿದೆ.”

“ಹೋಗ್ಲಿ, ನೀವಾದ್ರೂ ನೋಡಿದ್ರಲ್ಲ. ಹೇಗಿತ್ತು?”

ನರ್ಸು ಮೇಷ್ಟ್ರನ್ನು ಕರೆದಳು. ಅವರು ಎದ್ದು, ಗೆಳೆಯನ ಹೆಗಲು ಹಿಡಿದುಕೊಂಡೇ ಒಂದು ಗಳಿಗೆ ನಿಂತರು.

“ನಾನು ಪರದೆ ಎಲ್ಲಿ ನೋಡಿದೆ ಕಣಯ್ಯಾ? ಯಾರಾದ್ರೂ ಬಂದಾರು ಅಂತ ಕೊನೇವರೆಗೂ ಬಾಗಿಲನ್ನೇ ನೋಡ್ತಿದ್ದೆ,” ಎಂದು ಒಳಗೆ ಹೋದರು.