ಬಾವಿಯ ಕಾವಲು

ಯಮಕನಮರಡಿಯ ಬೇವಿನ ಮರದಡಿ ಕಾಶೆವ್ವ ಬೇಸಿಗೆಯಲ್ಲಿ ಅರವಟಿಗೆ ಇಡುತ್ತಿದ್ದಳು. ಮಗ ಸಿಪಾಯಿಯಾಗಿ ಮಹಾಯುದ್ಧಕ್ಕೆ ಹೋದ ಮೇಲೆ, ಅವನು ಕಳಿಸುವ ಪಗಾರದಲ್ಲಿ ದಾರಿಹೋಕರಿಗೆ ನೀರಿನ ಜೊತೆ ಬೆಲ್ಲವನ್ನೂ ಕೊಡತೊಡಗಿದ್ದಳು. ಅಂದು ಅಲ್ಲಿ ಮೋಟಾರು ಕಾಯುತ್ತ ಕೂತವರು, ರಜೆಯ ಮೇಲೆ ಬಂದಿದ್ದ ಸಿಪಾಯಿ ಮಾಳಪ್ಪ ಮತ್ತು ಅವನ ಕಾಕಾ ಶೆಟ್ಟೆಪ್ಪ.

“ಇಂಗ್ರೇಜರ ದೇಶ ಸಣ್ಣದಂತಲ್ಲೋ. ಜಗತ್ತು ಆಳಾಕ ಅಷ್ಟು ಮಂದಿ ಎಲ್ಲಿಂದ ತಂದ್ರು?” ಎಂದ ಶೆಟ್ಟೆಪ್ಪ.

“ನಮ್ಮೂರಿಂದ, ಕಾಕಾ. ರೊಕ್ಕ ಅವರದು, ಬಂದೂಕ ಹಿಡಿಯೂ ಕೈ ನಮ್ಮವು.”

“ಆ ರೊಕ್ಕರೆ ಎಲ್ಲೀದು?”

“ನಾವು ಕಟ್ಟೂ ಕಂದಾಯದ್ದ.”

ಶೆಟ್ಟೆಪ್ಪ ಮಾತು ಬದಲಿಸಿದ. “ಯುದ್ಧದಾಗ ನಿನಗೇನ ಕೆಲಸ?”

“ಅರಬರ ಊರಾಗ ಬಾವಿ ಕಾಯೂದು. ಪಲ್ಟಣಿನವರ ಹೊರ್ತು ಯಾರೂ ನೀರು ಸೇದೂಹಂಗಿಲ್ಲ. ಒಬ್ಬಾಕಿ ಮುದುಕಿ ಕೊಡ ಹಿಡಕೊಂಡು ಬಂದ್ಳು.”

“ನೀ ಬಿಟ್ಟಿ, ಹೌದಲ್ಲೋ?”

“ಇಲ್ಲ. ಅವರದ ಊರು, ಅವರದ ಬಾವಿ. ನನಗ ಇಂಗ್ರೇಜ ಅಂದು, ಉಗುಳಿ ಹೋದ್ಳು.”

ಮಾತು ಕೇಳುತ್ತಿದ್ದ ಕಾಶೆವ್ವ ನೀರಿನ ತಂಬಿಗೆ ಚಾಚಿದಳು. ಮಾಳಪ್ಪ ಅವಳ ಮುಖ ನೋಡಲಿಲ್ಲ. “ಬ್ಯಾಡ್ರಿ ಯವ್ವಾ,” ಎಂದ. ಮೋಟಾರು ಬಂತು, ಇಬ್ಬರೂ ಹತ್ತಿ ಹೋದರು.

ಮುಂದೆ ಬಂದವನಿಗೆ ಕಾಶೆವ್ವ ಬರಿ ನೀರು ಕೊಟ್ಟಳು. “ಬೆಲ್ಲ ಇಲ್ಲೇನ್ರಿ?” ಎಂದು ಅವನು ಕೇಳಿದಾಗ, ಮಗನ ಪಗಾರದ ಬೆಲ್ಲದ ಬಟ್ಟಲನ್ನು ಸೆರಗಿನಲ್ಲಿ ಮುಚ್ಚಿಕೊಂಡು ಇಲ್ಲವೆಂದಳು.